ಕರೆಂಟ್ ಹೋದ ಮಾತ್ರಕ್ಕೆ ತಂತಿ ಮುಟ್ಟಬೇಡಿ

ಮುಂಗಾರಿಗೆ ಮುಂಚಿನ ಗಾಳಿಮಳೆ ಶುರುವಾಗಿದೆ. ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರದಿಂದ ವಿಜಯನಗರ, ಕೆಂಗೇರಿಯವರೆಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುವ ಕಾಲ ಇದು. ಬೀದಿಬೀದಿಯಲ್ಲೂ ಕಾಣುವ ತಪ್ಪು ಒಂದೇ. ಮನೆಯಲ್ಲಿ ದೀಪ ಆರಿತು, ಆದ್ದರಿಂದ ಹೊರಗೆ ಬಿದ್ದಿರುವ ತಂತಿಯಲ್ಲೂ ಕರೆಂಟ್ ಇಲ್ಲ ಎಂಬ ಲೆಕ್ಕಾಚಾರ. ಕೋಲು ಹಿಡಿದು ತಂತಿ ಸರಿಸುವವರು, ಚಪ್ಪಲಿ ಇದೆಯಲ್ಲ ಎಂದು ದಾಟುವವರು, ಎಲ್ಲರದ್ದೂ ಇದೇ ಧೈರ್ಯ. ಈ ಧೈರ್ಯಕ್ಕೆ ಆಧಾರವೇನು ಸ್ವಾಮಿ? ಒಂದು ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಮೂರು ಫೇಸ್ ಹೊರಡುತ್ತವೆ. ಒಂದು ಹೋದರೂ ಉಳಿದವು ಇರಬಹುದು. ನಿಮ್ಮ ಮನೆ ಕತ್ತಲಾಗಿರುವಾಗಲೂ ಎದುರುಮನೆಯ ಫ್ಯಾನ್ ತಿರುಗುವುದನ್ನು ನೀವೇ ನೋಡಿದ್ದೀರಿ. ಬಿದ್ದದ್ದು ಮೇಲಿನ 11 ಸಾವಿರ ವೋಲ್ಟ್ ತಂತಿಯಾದರೆ ಕೋಲೂ ಕಾಯುವುದಿಲ್ಲ, ಚಪ್ಪಲಿಯೂ ಕಾಯುವುದಿಲ್ಲ.

ತಂತಿ ನೆಲಕ್ಕೆ ಬಿದ್ದರೆ ಫೀಡರ್, ಅಂದರೆ ಬಡಾವಣೆಗೆ ಕರೆಂಟ್ ತರುವ ಲೈನ್, ತಾನಾಗಿ ಟ್ರಿಪ್ ಆಗುತ್ತದಲ್ಲ ಎನ್ನುವವರಿದ್ದಾರೆ. ಆಗಬೇಕು, ಆದರೆ ಪ್ರತಿ ಸಲವೂ ಆಗುವುದಿಲ್ಲ. ಡಾಂಬರು, ಕಾಂಕ್ರೀಟಿನ ಮೇಲೆ ಬಿದ್ದಾಗ ನೆಲಕ್ಕೆ ಹರಿಯುವ ಕರೆಂಟ್, ಟ್ರಿಪ್ ಮಾಡಿಸುವ ರಿಲೇಗೆ ಗೊತ್ತಾಗದಷ್ಟು ಕಡಿಮೆ ಇರಬಹುದು. ಮನುಷ್ಯನಿಗೆ ಅಷ್ಟೇ ಸಾಕು. 2023ರ ನವೆಂಬರ್ 19ರ ಬೆಳಗಿನ ಜಾವ ಕಾಡುಗೋಡಿಯ ಹೋಪ್ ಫಾರ್ಮ್ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ತಂತಿಯಲ್ಲಿ ಕರೆಂಟ್ ಇತ್ತು. ಅದನ್ನು ತುಳಿದ ತಾಯಿ, ಕೈಯಲ್ಲಿದ್ದ ಒಂಬತ್ತು ತಿಂಗಳ ಕೂಸು ಇಬ್ಬರೂ ಉಳಿಯಲಿಲ್ಲ. ಅಲ್ಲಿ ನಡೆದು ಹೋಗುತ್ತಿದ್ದವರದ್ದು ಏನೂ ತಪ್ಪಿರಲಿಲ್ಲ. ಹಾಗಾದರೆ ನಮ್ಮನ್ನೇಕೆ ಬೈಯುತ್ತೀರಿ, ವಿದ್ಯುತ್ ಕಂಪನಿ ಬೆಸ್ಕಾಂ ನೋಡಿಕೊಳ್ಳಲಿ ಎಂದರೆ ಆ ಮಾತು ನ್ಯಾಯವೇ. ಕೊಂಬೆ ಕಡಿಯುವುದು, ಹಳೇ ತಂತಿ ಬದಲಿಸುವುದು ಅವರ ಕೆಲಸ, ಕೇಳಲೇಬೇಕು. ಆದರೆ ಅವರು ಬರುವ ತನಕ ಆ ತಂತಿಯ ಪಕ್ಕದಲ್ಲಿರುವವರು ನೀವು.

ಕನಿಷ್ಠ 10 ಮೀಟರ್ ದೂರ ನಿಲ್ಲಿ, ಬೇರೆಯವರನ್ನೂ ನಿಲ್ಲಿಸಿ. ನೀರು ನಿಂತಿದ್ದರೆ ಇನ್ನೂ ದೂರ. ತಂತಿ ಕಬ್ಬಿಣದ ಗೇಟಿಗೋ ಅಂಗಡಿಯ ಶಟರಿಗೋ ತಗುಲಿದ್ದರೆ ಅದೂ ತಂತಿಯೇ. ಕಂಬದಿಂದ ಜೋತಾಡುವ ಟಿವಿ, ಇಂಟರ್‌ನೆಟ್ ಕೇಬಲ್ಲನ್ನೂ ಎಳೆಯಬೇಡಿ, ಮೇಲೆಲ್ಲೋ ಅದು ಲೈನಿಗೆ ತಾಗಿರಬಹುದು. ಕಾರಿನ ಮೇಲೆ ಬಿದ್ದರೆ, ಬೆಂಕಿ ಹೊತ್ತಿಕೊಳ್ಳದ ಹೊರತು, ಒಳಗೇ ಕೂತಿರಿ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಮಳೆ ದಿನ ಸಿಗುವುದೇ ಇಲ್ಲ ಎನ್ನುತ್ತೀರಿ, ನಿಜ, ಸಿಗದಿದ್ದರೆ 112. ಹತ್ತಿರದ ಸೆಕ್ಷನ್ ಆಫೀಸಿನ ನಂಬರನ್ನು ಮೋಡ ಕಟ್ಟುವ ಮೊದಲೇ ಬರೆದಿಟ್ಟುಕೊಳ್ಳಿ, ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಸಮೇತ. ಲೈನ್‌ಮನ್ ಬಂದಮೇಲೂ ತಡವಾಗುತ್ತದೆಂದು ಜಗಳ ತೆಗೆಯಬೇಡಿ. ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಂಡು, ಲೈನನ್ನು ಅರ್ಥ್ ಮಾಡಿಯೇ ಆತ ಕಂಬ ಹತ್ತಬೇಕು. ನೀವು ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಜನರೇಟರ್ ಹಾಕಿದ್ದರೆ ಆ ಕರೆಂಟ್ ಟಿಸಿಯೊಳಗೆ ಹಿಮ್ಮುಖವಾಗಿ ಹರಿದು ಮತ್ತೆ 11 ಸಾವಿರ ವೋಲ್ಟ್ ಆಗಿ ಆತನನ್ನೇ ಹಿಡಿಯಬಹುದು. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್, ಇದೆಯೆಂಬ ಧೈರ್ಯವೂ ಬೇಡ, ಅದು ಮನೆಯೊಳಗಷ್ಟೇ ಕಾಯುತ್ತದೆ, ಬೀದಿಯಲ್ಲಲ್ಲ. ನಸುಕಿನಲ್ಲಿ ಹಾಲು, ಪೇಪರ್ ಹಾಕುವ ಹುಡುಗರಿಗೂ ಈ ಮಾತು ಇವತ್ತೇ ಹೇಳಿಬಿಡಿ.