ಕೂಗು ಕೇಳಿದವನ ಧರ್ಮ



ಶುಶ್ರೂಷೆ ಎಂದರೆ ಸೇವೆ ಎಂದು ನಾವೆಲ್ಲ ಬಲ್ಲೆವು. ಆದರೆ ಸಂಸ್ಕೃತದಲ್ಲಿ ಆ ಪದದ ಮೂಲಾರ್ಥ ಕೇಳುವ ಇಚ್ಛೆ. ಕಿವಿಗೊಡುವವನೇ ಸೇವೆ ಮಾಡಬಲ್ಲನು. ಇದಕ್ಕೆ ಸಮುದ್ರದ ಒಂದು ದೃಷ್ಟಾಂತವನ್ನು ಹೇಳುತ್ತೇವೆ.

1912ನೆಯ ಇಸವಿ ಏಪ್ರಿಲ್ 14ರ ರಾತ್ರಿ ಅಟ್ಲಾಂಟಿಕ್ ಸಾಗರದಲ್ಲಿ ಟೈಟಾನಿಕ್ ಎಂಬ ಹಡಗು ಹಿಮಬಂಡೆಗೆ ಬಡಿಯಿತು. ಅದರ ನಿಸ್ತಂತು ಯಂತ್ರದಿಂದ ಆರ್ತನಾದ ಹೊರಟಿತು. ಸುಮಾರು 58 ಮೈಲಿ ದೂರದಲ್ಲಿದ್ದ ಕಾರ್ಪೇಥಿಯಾ ಹಡಗಿನಲ್ಲಿ ನಿಸ್ತಂತು ನೌಕರನು ಮಲಗುವ ಸಿದ್ಧತೆಯಲ್ಲಿದ್ದರೂ ಯಂತ್ರವನ್ನು ಇನ್ನೂ ನಿಲ್ಲಿಸಿರಲಿಲ್ಲ. ಕೂಗು ಕೇಳಿತು, ಓಡಿಹೋಗಿ ನಾಯಕ ರಾಸ್ಟ್ರನ್‌ನನ್ನು ಎಬ್ಬಿಸಿದನು. ನಾಯಕನು ಒಡನೆಯೇ ಹಡಗನ್ನು ತಿರುಗಿಸಿದನು. ಕೋಣೆಗಳನ್ನು ಕಾಯಿಸುವ ಉಗಿಯನ್ನೂ ಯಂತ್ರಕ್ಕೆ ಕೊಡಿಸಿದನು. ಕಂಬಳಿ, ಬಿಸಿ ಆಹಾರ, ವೈದ್ಯರನ್ನು ಅಣಿಗೊಳಿಸಿದನು. ಬೆಳಗಿನ 4 ಗಂಟೆಯ ಹೊತ್ತಿಗೆ ತಲುಪಿದಾಗ ಟೈಟಾನಿಕ್ ಮುಳುಗಿಯಾಗಿತ್ತು. ಆದರೂ ದೋಣಿಗಳಲ್ಲಿದ್ದ 700ಕ್ಕೂ ಹೆಚ್ಚು ಜೀವಗಳು ಉಳಿದವು.

ಕ್ಯಾಲಿಫೋರ್ನಿಯನ್ ಎಂಬ ಇನ್ನೊಂದು ಹಡಗು ಇದಕ್ಕಿಂತ ಹತ್ತಿರದಲ್ಲಿ ನಿಂತಿತ್ತು. ಅದರ ಒಬ್ಬನೇ ನಿಸ್ತಂತು ನೌಕರನು ಕೆಲಸ ಮುಗಿಸಿ ಮಲಗಿದ್ದನು. ಕಾವಲಿನವರು ಆಕಾಶದಲ್ಲಿ ಬಿಳಿಯ ಬಾಣಗಳನ್ನು ಕಂಡರು, ನಾಯಕನಿಗೂ ತಿಳಿಸಿದರು. ಆದರೆ ಮಲಗಿದವನನ್ನು ಬೆಳಗಾಗುವವರೆಗೆ ಯಾರೂ ಎಬ್ಬಿಸಲಿಲ್ಲ. ಆ ರಾತ್ರಿ ಸುಮಾರು 1500 ಜನ ಸತ್ತರು. ದುಡಿದವನು ಮಲಗಿದ್ದು ದೋಷವಲ್ಲ; ಕಂಡವರು ಎಬ್ಬಿಸದೆ ಇದ್ದುದು ದೋಷ.

ಸಮುದ್ರದ ಕಾನೂನು ಈ ವಿಷಯದಲ್ಲಿ ಬಹು ಉದಾತ್ತವಾದುದು. ತನ್ನ ಹಡಗಿಗೂ ಜನಕ್ಕೂ ಘೋರ ಅಪಾಯವಿಲ್ಲದಿದ್ದರೆ, ಮುಳುಗುವವನು ಶತ್ರುವಾದರೂ ನೆರವಾಗಬೇಕೆಂದು 1910ರ ಬ್ರಸೆಲ್ಸ್ ಒಪ್ಪಂದವೇ ವಿಧಿಸಿತು. ಜಾತಿ ಕೇಳಬೇಡ, ದೇಶ ಕೇಳಬೇಡ, ಮೊದಲು ಕೈಹಿಡಿ ಎಂಬುದೇ ಅದರ ತಾತ್ಪರ್ಯ.

ಮುಂದಿನ ಕಾಲದಲ್ಲಿ ಇನ್ನೊಂದು ನಿಯಮ ಬಂದಿತು. ಪ್ರತಿ ಗಂಟೆಗೆ ಎರಡು ಸಲ, ಮೂರು ಮೂರು ನಿಮಿಷ, ಆಪತ್ತಿನ ತರಂಗದ ಮೇಲೆ ಎಲ್ಲ ಹಡಗುಗಳೂ ಮೌನವಾಗಿ ಆಲಿಸಬೇಕಾಗಿತ್ತು; ಕ್ಷೀಣವಾದ ಕೂಗೊಂದು ಗದ್ದಲದಲ್ಲಿ ಅಡಗಬಾರದೆಂದು. 1999ರಲ್ಲಿ ನೂತನ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದು, ಈಗ ಯಂತ್ರವೇ ಎಚ್ಚರಿಸುತ್ತದೆ. ಆದರೆ ಹೊರಡಬೇಕಾದವನು ಮನುಷ್ಯನೇ. ತಾನು ಹೋಗಲಾರದವನು ಕೇಳಿದ ಕೂಗನ್ನು ಮುಂದಿನವರಿಗೆ ದಾಟಿಸುವ ಪದ್ಧತಿ ಇಂದಿಗೂ ಇದೆ. ಆದುದರಿಂದ ಅಶಕ್ತನಿಗೂ ಧರ್ಮ ತಪ್ಪಿದ್ದಲ್ಲ.

ಸದ್ಭಕ್ತರೇ, ನಿಮ್ಮ ನೆರೆಮನೆಯಲ್ಲಿ ಸಾಲದಲ್ಲಿ ಮುಳುಗುವವನಿದ್ದಾನೆ, ಶೋಕದಲ್ಲಿ ಮುಳುಗುವವಳಿದ್ದಾಳೆ. ಅವರು ಬಾಣ ಹಾರಿಸುವುದಿಲ್ಲ. ದಿನಕ್ಕೆ ಮೂರು ನಿಮಿಷವಾದರೂ ನಿಮ್ಮ ಮಾತು ನಿಲ್ಲಿಸಿ ಅವರಿಗೆ ಕಿವಿಗೊಡಿರಿ. ಕೈಲಾದರೆ ಹೋಗಿರಿ, ಆಗದಿದ್ದರೆ ಕೈಲಾದವರನ್ನು ಎಬ್ಬಿಸಿರಿ. ಅಂತಹ ಎಚ್ಚರವು ನಿಮ್ಮೆಲ್ಲರಲ್ಲಿ ಸದಾ ಇರಲೆಂದು ಹಾರೈಸುತ್ತೇವೆ.