ಬಣ್ಣ ಅಳಿಸಿದ ಮೇಲೆ ಇಂಗ್ಲಿಷ್ ಪಾಠ

(ಸೋಮನಹಳ್ಳಿಯಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ಮಂಡ್ಯ ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕ ಆಡದ ಊರು ಸಿಗುವುದು ಕಷ್ಟ. ದುರ್ಯೋಧನನ ಪಾತ್ರ ಬೇಕೆಂದರೆ ನಟನೇ ದುಡ್ಡು ಕಟ್ಟಬೇಕು. ಆ ಹಣ ಸೀನರಿಗೆ, ಲೈಟಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ ಹೋಗುತ್ತದೆ. ಅಂದರೆ ಆಡುವವನು ಕೊಡುತ್ತಾನೆ, ಕಲಿಸುವವನು ಪಡೆಯುತ್ತಾನೆ. ನಾಟಕದಲ್ಲಿ ಅನ್ನ ಹುಟ್ಟುವುದು ಪಾತ್ರಕ್ಕಿಂತ ಹೆಚ್ಚಾಗಿ ಪಾಠದಿಂದ ಎಂಬುದು ನಿಮಗೆ ಹೊಸ ಸಂಗತಿಯೇನಲ್ಲ.

ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳು ಜೋರಾಗಿದ್ದ ಕಾಲದಲ್ಲಿ ನಟನಿಗೆ ಸಂಬಳವೂ ಊಟವೂ ಅಲ್ಲೇ ಸಿಗುತ್ತಿತ್ತು. ಸಿನಿಮಾ ಬಂದು ಕಂಪನಿಗಳು ಸೊರಗಿದವು. ಆಮೇಲೆ ಬಂದ ಹವ್ಯಾಸಿ ರಂಗಭೂಮಿ ನಿಂತದ್ದು ಹಗಲಿನ ನೌಕರಿಯ ಮೇಲೆ. ಮೈಸೂರಿನಲ್ಲಿ 1989ರಲ್ಲಿ ರಂಗಾಯಣ ಹುಟ್ಟಿ ಕಲಾವಿದರಿಗೆ ಸಂಬಳ ಕೊಟ್ಟಿತು ನಿಜ. ಆದರೆ ಆ ಭಾಗ್ಯ ಕೆಲವರಿಗೆ ಮಾತ್ರ.

ಆ ಹಗಲಿನ ನೌಕರಿಗಳಲ್ಲಿ ಇಂಗ್ಲಿಷಿಗೆ ದೊಡ್ಡ ಜಾಗವಿತ್ತು. 1970ರ ‘ಸಂಸ್ಕಾರ’ ಚಿತ್ರವನ್ನೇ ನೋಡಿ. ಕಾದಂಬರಿ ಬರೆದ ಯು.ಆರ್. ಅನಂತಮೂರ್ತಿ ಇಂಗ್ಲಿಷ್ ಅಧ್ಯಾಪಕರು. ನಾರಣಪ್ಪನಾದ ಪಿ. ಲಂಕೇಶ್ ಕೂಡ ಇಂಗ್ಲಿಷ್ ಮೇಷ್ಟ್ರೇ. ಪ್ರಾಣೇಶಾಚಾರ್ಯನಾದ ಗಿರೀಶ ಕಾರ್ನಾಡರು 1963ರಿಂದ ಏಳು ವರ್ಷ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು. ಕನ್ನಡದ ಹೊಸ ಅಲೆಯ ಚಿತ್ರಕ್ಕೆ ಇಂಗ್ಲಿಷಿನ ಸಂಬಳ ಹಿಂದಿನಿಂದ ಆಸರೆ ಕೊಟ್ಟಿತ್ತು.

ಲಂಡನ್ನಿನಂಥ ನಗರಗಳಲ್ಲಿ ಇದು ಬೇರೆ ರೂಪ ಪಡೆಯಿತು. ಕೆಲಸವಿಲ್ಲದ ನಟರು ನಾಲ್ಕು ವಾರದ ತರಬೇತಿ ಮುಗಿಸಿ, ಪರದೇಶದಿಂದ ಬಂದವರಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ. ಗಂಟೆಯ ಲೆಕ್ಕದ ಕೂಲಿ. ಪಾತ್ರ ಸಿಕ್ಕಾಗ ಬಿಡಬಹುದು, ಮುಗಿದಾಗ ಮರಳಬಹುದು.

ನಟನಿಗೇ ಈ ಕೆಲಸ ಏಕೆ ಒಗ್ಗುತ್ತದೆ? ನಾವು ಕನ್ನಡಿಗರು ಬರೆದಂತೆ ಓದುವವರು. ಬಸ್ ನಮ್ಮ ಬಾಯಲ್ಲಿ ಬಸ್ಸು, ಕಾರ್ ನಮ್ಮಲ್ಲಿ ಕಾರು. ಇಂಗ್ಲಿಷಿನಲ್ಲಿ ಒತ್ತು ಜಾಗ ಬದಲಿಸುತ್ತದೆ. ‘ಫೋಟೋಗ್ರಾಫ್’ ಅನ್ನುವಾಗ ಒತ್ತು ಮೊದಲಿಗೆ. ‘ಫೊಟಾಗ್ರಫಿ’ ಅನ್ನುವಾಗ ಎರಡನೆಯದಕ್ಕೆ. ಇದನ್ನು ಪುಸ್ತಕ ಹೇಳಿದರೂ ಕಿವಿಗೆ ಮುಟ್ಟಿಸುವುದು ಬಾಯಿ. ಉಸಿರು, ಒತ್ತು, ನಿಲುಗಡೆ ನಟನ ದಿನನಿತ್ಯದ ಸಾಮಾನು. ರೈಲು ನಿಲ್ದಾಣದಲ್ಲಿ ಟಿಕೆಟ್ ಕೇಳುವ ಆಟ ಆಡಿಸಿದರೆ ನಾಚಿಕೆ ಬಿಟ್ಟು ಮಾತು ಹೊರಡುತ್ತದೆ. ಕೆಲಸ ಮಾಡಿಸುತ್ತ ಭಾಷೆ ಕಲಿಸುವ ವಿಧಾನವನ್ನು ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ಪ್ರಯೋಗಿಸಿದರು. ಅದು ‘ಬೆಂಗಳೂರು ಯೋಜನೆ’ ಎಂದೇ ಹೊರದೇಶಗಳಲ್ಲಿ ಹೆಸರಾಯಿತು.

ಈ ಕಥೆಗೆ ನಿಮ್ಮ ಊರಿನ ನಂಟೂ ಇದೆ. ಸೋಮನಹಳ್ಳಿ ಮಲ್ಲಯ್ಯ ಕೃಷ್ಣ ಅವರು ಅಮೆರಿಕದಲ್ಲಿ ಓದಿ ಬಂದು, ಬೆಂಗಳೂರಿನಲ್ಲಿ ಕಾನೂನು ಪಾಠ ಹೇಳಿ, 1962ರಲ್ಲಿ ಮದ್ದೂರಿನಿಂದ ಶಾಸಕರಾದರು. 1999ರಿಂದ 2004ರವರೆಗೆ ಅವರು ಮುಖ್ಯಮಂತ್ರಿಯಾಗಿದ್ದ ದಿನಗಳಲ್ಲೇ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ಬೆಳೆದವು. ಅಮೆರಿಕದ ಗಿರಾಕಿಗೆ ತಿಳಿಯುವಂತೆ ಮಾತಾಡಲು ಹುಡುಗರನ್ನು ತಿದ್ದಬೇಕಿತ್ತು. ಉಚ್ಚಾರಣೆ ಕಲಿಸುವ ಆ ಕೆಲಸಕ್ಕೆ ರಂಗಭೂಮಿಯವರೂ ಹೋದರು. ನಾಟಕ ಕೊಡದ ಹಣ ಕೈಗೆ ಬಂತು. ಆದರೆ ಅಮೆರಿಕಕ್ಕೆ ಹಗಲಾದರೆ ನಮಗೆ ರಾತ್ರಿ. ರಿಹರ್ಸಲ್ ನಡೆಯುವ ಸಂಜೆಗೇ ಶಿಫ್ಟೂ ಶುರು. ಎರಡು ಪಾತ್ರಗಳ ನಡುವಿನ ಆಸರೆಯೇ ಪಾತ್ರವನ್ನು ನುಂಗುವ ಅಪಾಯ ಇರುವುದು ಇಲ್ಲಿ.

ಇನ್ನೊಂದು ಮಾತು. ಆಡಬಲ್ಲವರೆಲ್ಲ ಕಲಿಸಬಲ್ಲರು ಎಂದು ನಾನು ಹೇಳುತ್ತಿಲ್ಲ. ಮಗು ಎಲ್ಲಿ ತಪ್ಪುತ್ತದೆ, ಏಕೆ ತಪ್ಪುತ್ತದೆ ಎಂದು ತಿಳಿಯಲು ವ್ಯಾಕರಣವೂ ತಾಳ್ಮೆಯೂ ಬೇಕು. ಅದಕ್ಕೆ ತರಬೇತಿ ಬೇಕು, ತರಬೇತಾದವರಿಗೆ ತಕ್ಕ ಸಂಬಳ ಬೇಕು.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಬಾಯಿಬಿಟ್ಟು ಮಾತಾಡಲು ಅಂಜುವ ಮಕ್ಕಳೂ ಅಲ್ಲೇ ಇದ್ದಾರೆ. ನಾಟಕ ಕಲಿತು ಊರಿಗೆ ಮರಳಿದ ಹುಡುಗ ಹುಡುಗಿಯರು ಕೆಲಸವಿಲ್ಲದೆ ಕೂತಿದ್ದಾರೆ. ಇವರನ್ನು ಅವರ ಬಳಿ ಹಗಲು ಹೊತ್ತಿನಲ್ಲಿ ಕರೆತಂದರೆ ಮಕ್ಕಳಿಗೆ ಮಾತು ಬರುತ್ತದೆ, ನಟರಿಗೆ ಸಂಜೆಯ ರಿಹರ್ಸಲ್ ಉಳಿಯುತ್ತದೆ. ಹಾರ್ಮೋನಿಯಂ ಮೇಷ್ಟ್ರಿಗೆ ಊರೇ ಸೇರಿ ಹಣ ಹೊಂದಿಸುವ ನೀವು ಇದನ್ನೂ ಯೋಚಿಸಬಲ್ಲಿರಿ.