ದೊಡ್ಡವರಿಗೆ ಬರುವ ಊನಗಳು

ವಿಜಯದಶಮಿಯ ಸಂಜೆ ಮೈಸೂರಿನ ಬನ್ನಿಮಂಟಪದ ಮೈದಾನವನ್ನು ನೀವು ನೋಡಿಯೇ ಇರುತ್ತೀರಿ. ನೋಡದಿದ್ದರೆ ಬಾನುಲಿಯ ವೀಕ್ಷಕ ವಿವರಣೆಯನ್ನು ಕೇಳಿಯಾದರೂ ಇರುತ್ತೀರಿ. ಅರಮನೆಯಿಂದ ಹೊರಟ ಜಂಬೂಸವಾರಿ ಸಯ್ಯಾಜಿರಾವ್ ರಸ್ತೆಯನ್ನು ದಾಟಿ, ಬಂಬೂಬಜಾರಿನ ಮೂಲಕ ಸುಮಾರು 5 ಕಿಲೋಮೀಟರು ನಡೆದು ಅಲ್ಲಿ ಮುಗಿಯುತ್ತದೆ. ಕತ್ತಲಾದ ಮೇಲೆ ಪಂಜಿನ ಕವಾಯತು. ಸುತ್ತಲೂ ಮೆಟ್ಟಿಲಿನಿಂದ ಮೆಟ್ಟಿಲಿಗೆ ಜನ. ಆ ಜನರಲ್ಲಿ ಅಂಗವಿಕಲರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ನೀವು ಕಣ್ಣಾಡಿಸಿ, ಗಾಲಿಕುರ್ಚಿಯಲ್ಲಿ ಒಬ್ಬರು, ಬಿಳಿಯ ಕೋಲು ಹಿಡಿದವರು ಒಬ್ಬರು, ಊರುಗೋಲಿನವರು ಇಬ್ಬರೋ ಮೂವರೋ ಎಂದು ಹೇಳಿಬಿಡುತ್ತೀರಿ. ಈ ಲೆಕ್ಕ ಎರಡು ಕಡೆಯಿಂದಲೂ ತಪ್ಪು. ಬಂದವರಲ್ಲಿ ಕಣ್ಣಿಗೆ ಕಾಣದ ಊನವುಳ್ಳವರು ಎಷ್ಟೋ ಮಂದಿ ಇದ್ದಾರೆ. ಮೆಟ್ಟಿಲು ಹತ್ತಲಾರೆ, ನೂಕುನುಗ್ಗಲಿನಲ್ಲಿ ನಿಲ್ಲಲಾರೆ ಎಂದು ಬಾರದೆಯೇ ಉಳಿದವರು ಇನ್ನೂ ಎಷ್ಟೋ ಮಂದಿ.

ಮೊದಲು ಎಣಿಕೆಯ ಮಾತನ್ನೇ ನೋಡೋಣ. ನಮ್ಮ ದೇಶದಲ್ಲಿ ಇದು ಹೊಸದಲ್ಲ. 1872 ರ ಜನಗಣತಿಯಲ್ಲಿಯೇ ಕುರುಡರು, ಕಿವುಡರು, ಕುಷ್ಠರೋಗಿಗಳು, ಬುದ್ಧಿ ಕೆಟ್ಟವರು ಎಂದು ಬೇರೆ ಬೇರೆಯಾಗಿ ಬರೆದುಕೊಂಡರು. 1931 ರವರೆಗೂ ಈ ಪದ್ಧತಿ ನಡೆಯಿತು. 1941 ರಿಂದ ಪ್ರಶ್ನೆ ಬಿಟ್ಟುಹೋಯಿತು. ಸ್ವತಂತ್ರ ಭಾರತದ ಮೊದಲ ಮೂರು ಜನಗಣತಿಗಳಲ್ಲಿ ಊನವಿದ್ದವರನ್ನು ಕೇಳಿದವರೇ ಇಲ್ಲ. 1981 ರಲ್ಲಿ ಒಮ್ಮೆ ಕೇಳಿದರು, 1991 ರಲ್ಲಿ ಕೈಬಿಟ್ಟರು, 2001 ರಲ್ಲಿ ಮತ್ತೆ ಸೇರಿಸಿದರು. 2011 ರ ಗಣತಿಯಂತೆ ಭಾರತದಲ್ಲಿ 2 ಕೋಟಿ 68 ಲಕ್ಷ ಮಂದಿ ಅಂಗವಿಕಲರು, ಎಂದರೆ ಶೇಕಡ 2.21. ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ, ಶೇಕಡ 2.17.

ಇನ್ನೊಂದು ಕಡೆ ವಿಶ್ವ ಆರೋಗ್ಯ ಸಂಸ್ಥೆಯವರು 2022 ರಲ್ಲಿ ಹೊರತಂದ ವರದಿಯಲ್ಲಿ ಜಗತ್ತಿನ 130 ಕೋಟಿ ಜನಕ್ಕೆ, ಅಂದರೆ ನೂರಕ್ಕೆ 16 ಮಂದಿಗೆ, ಗಣನೀಯವಾದ ಊನವುಂಟು ಎಂದು ಹೇಳಿದರು. ಆರು ಜನರಲ್ಲಿ ಒಬ್ಬರಾಯಿತು. ನಮ್ಮಲ್ಲಿ ನೂರಕ್ಕೆ ಇಬ್ಬರು, ಜಗತ್ತಿನಲ್ಲಿ ನೂರಕ್ಕೆ ಹದಿನಾರು! ಹಾಗಾದರೆ ನಾವು ಜಗತ್ತಿಗಿಂತ ಎಂಟು ಪಾಲು ಗಟ್ಟಿಮುಟ್ಟಾದ ಜನವೇ? ಬೆನ್ನು ತಟ್ಟಿಕೊಳ್ಳುವ ಮೊದಲು ಪ್ರಶ್ನೆಯನ್ನು ಕೇಳಿದ ರೀತಿಯನ್ನು ಸ್ವಲ್ಪ ನೋಡಬೇಕು.

ಗಣತಿಯವರು ಬಾಗಿಲಿಗೆ ಬಂದು, "ಮನೆಯಲ್ಲಿ ಅಂಗವಿಕಲರು ಯಾರಾದರೂ ಇದ್ದಾರೆಯೇ?" ಎಂದು ಕೇಳುತ್ತಾರೆ. ಸೊಸೆ ಒಳಗಿನಿಂದಲೇ, "ಇಲ್ಲ ಸಾರ್, ಅಂಥವರು ಯಾರೂ ಇಲ್ಲ" ಎನ್ನುತ್ತಾಳೆ. ಆಕೆ ಹೇಳಿದ್ದು ಸುಳ್ಳೆಂದು ಅಲ್ಲ. ನಡುಮನೆಯಲ್ಲಿ ಕುಳಿತ ಅತ್ತೆಗೆ ಮಂಡಿನೋವಿನಿಂದ ಎರಡು ವರ್ಷದಿಂದ ಬೀದಿಗೆ ಇಳಿಯಲಾಗಿಲ್ಲ. ಮಾವನಿಗೆ ಎದುರು ನಿಂತು ಗಟ್ಟಿಯಾಗಿ ಕೂಗಿದರಷ್ಟೇ ಕೇಳುತ್ತದೆ. "ವಯಸ್ಸಾಯಿತಲ್ಲ, ಇನ್ನೇನು!" ಎಂಬ ಒಂದೇ ಮಾತಿನಲ್ಲಿ ಇಬ್ಬರೂ ಲೆಕ್ಕದಿಂದ ಹೊರಗಾದರು. ಅಂಗವಿಕಲರೆಂದರೆ ಹುಟ್ಟಿನಿಂದ ಕಣ್ಣಿಲ್ಲದವರು, ಕಾಲು ಸೊಟ್ಟಗಾದವರು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದೆ. ಆ ಚಿತ್ರಕ್ಕೆ ಹೊಂದದವರು ನಮಗೆ ಕಾಣುವುದೇ ಇಲ್ಲ.

ಆದುದರಿಂದ ಬಲ್ಲವರು ಈಗ ಪ್ರಶ್ನೆಯನ್ನೇ ಬದಲಾಯಿಸಿದ್ದಾರೆ. ನೀವು ಅಂಗವಿಕಲರೇ ಎಂದು ಕೇಳುವುದಿಲ್ಲ. ಕನ್ನಡಕ ಹಾಕಿಕೊಂಡರೂ ನೋಡಲು ತೊಂದರೆಯೇ? ಮೆಟ್ಟಿಲು ಹತ್ತಲು ತೊಂದರೆಯೇ? ನೆನಪಿಟ್ಟುಕೊಳ್ಳಲು? ಸ್ನಾನಮಾಡಿ ಬಟ್ಟೆ ಉಟ್ಟುಕೊಳ್ಳಲು? ಹೀಗೆ ಆರು ಪ್ರಶ್ನೆಗಳು. ಉತ್ತರವೂ ಹೌದು, ಇಲ್ಲ ಎಂದಲ್ಲ. ಇಲ್ಲವೇ ಇಲ್ಲ, ಸ್ವಲ್ಪ ಇದೆ, ಬಹಳ ಇದೆ, ಆಗುವುದೇ ಇಲ್ಲ ಎಂದು ನಾಲ್ಕು ಬಗೆ. ಇಂಥ ಬಿಡಿಬಿಡಿಯಾದ ಪ್ರಶ್ನೆಗಳಿಂದ ಎಷ್ಟು ವ್ಯತ್ಯಾಸವಾಗುತ್ತದೆಂಬುದಕ್ಕೆ ನಮ್ಮ ದೇಶದ ಲೆಕ್ಕವೇ ಸಾಕ್ಷಿ. 2011 ರ ಗಣತಿಯಲ್ಲಿ 60 ದಾಟಿದವರಲ್ಲಿ ಅಂಗವಿಕಲರೆಂದು ಬರೆಸಿದವರು ನೂರಕ್ಕೆ ಸುಮಾರು 5. ಇಡೀ ದೇಶದಲ್ಲಿ ಮುಪ್ಪಿನ ಬಗ್ಗೆ 2017-18 ರಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ, ಉಡುವುದು, ಉಣ್ಣುವುದು, ಸ್ನಾನ, ಶೌಚ, ಹಾಸಿಗೆಯಿಂದ ಏಳುವುದು, ಕೋಣೆಯೊಳಗೆ ನಡೆಯುವುದು, ಇವುಗಳಲ್ಲಿ ಒಂದಕ್ಕಾದರೂ ಕಷ್ಟಪಡುವವರು ಅದೇ ವಯಸ್ಸಿನವರಲ್ಲಿ ಸುಮಾರು ನಾಲ್ಕಕ್ಕೆ ಒಬ್ಬರು ಎಂದು ತಿಳಿದುಬಂತು.

ಎಣಿಕೆಗೆ ಸಿಗದವರಿಗೆ ಚಿಕಿತ್ಸೆಯೂ ಸಿಗುವುದಿಲ್ಲ, ಸವಲತ್ತೂ ಸಿಗುವುದಿಲ್ಲ. ಆದ್ದರಿಂದಲೇ ಈ ಅಂಕಿಗಳನ್ನು ನಿಮ್ಮ ಮುಂದೆ ಇಷ್ಟು ಬಿಡಿಸಿಟ್ಟದ್ದು.

ಇನ್ನು ಕಾರಣಗಳು. ಹಿಂದಿನ ತಲೆಮಾರಿನಲ್ಲಿ ಸಿಡುಬು ಕಣ್ಣು ಕಿತ್ತುಕೊಳ್ಳುತ್ತಿತ್ತು, ಪೋಲಿಯೊ ಕಾಲು ಕಿತ್ತುಕೊಳ್ಳುತ್ತಿತ್ತು. ಸಿಡುಬು 1975 ರಲ್ಲಿ ನಮ್ಮ ದೇಶವನ್ನು ಬಿಟ್ಟಿತು. ಪೋಲಿಯೊದ ಕೊನೆಯ ಪ್ರಕರಣ 2011 ರ ಜನವರಿಯದು. 2014 ರಲ್ಲಿ ಭಾರತ ಪೋಲಿಯೊಮುಕ್ತವೆಂದು ಸಾರಿದರು. ಇದು ದೊಡ್ಡ ಗೆಲುವು. ಆದರೆ ಮಗುವಾಗಿದ್ದಾಗ ಪೋಲಿಯೊ ತಗಲಿದವರು ಇಂದು ನಡುವಯಸ್ಸಿನವರು. ಇಷ್ಟು ದಿನ ಭಾರ ಹೊತ್ತ ಸ್ನಾಯುಗಳು ಅವರಲ್ಲಿ ಕೆಲವರಿಗೆ ಮತ್ತೆ ಸೋಲತೊಡಗುತ್ತವೆ. ರೋಗ ಹೋಯಿತೆಂದು ರೋಗಿಯನ್ನು ಮರೆಯುವಂತಿಲ್ಲ.

ಈಗ ದೊಡ್ಡವರಿಗೆ ಊನ ತರುವ ವೈರಿಗಳು ಸದ್ದಿಲ್ಲದೆ ಬರುವವರು. 2023 ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದಂತೆ ನಮ್ಮ ವಯಸ್ಕರಲ್ಲಿ ನೂರಕ್ಕೆ 11 ಮಂದಿಗೆ ಸಕ್ಕರೆ ಕಾಯಿಲೆ, 35 ಮಂದಿಗೆ ರಕ್ತದ ಒತ್ತಡ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಮಂದವಾಗುತ್ತದೆ. ಚಪ್ಪಲಿ ಕಚ್ಚಿದ್ದು ತಿಳಿಯುವುದಿಲ್ಲ, ಹುಣ್ಣಾದದ್ದು ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಬೆರಳು ತೆಗೆಯಬೇಕೆನ್ನುತ್ತಾರೆ. ದಿನವೂ ಮಲಗುವ ಮುನ್ನ ಪಾದವನ್ನು ದೀಪದ ಬೆಳಕಿನಲ್ಲಿ ತಿರುಗಿಸಿ ನೋಡಿಕೊಳ್ಳುವುದಕ್ಕೆ ಕಾಸು ಖರ್ಚಿಲ್ಲ. ರಕ್ತದ ಒತ್ತಡದ ಕಥೆ ಬೇರೆ. ಅದು ವರ್ಷಗಟ್ಟಲೆ ಏನೂ ಹೇಳದೆ ಇದ್ದು, ಒಂದು ಬೆಳಗ್ಗೆ ಲಕ್ವವಾಗಿ ಬರುತ್ತದೆ. ಬಾಯಿ ಒಂದು ಕಡೆಗೆ ವಾಲಿದರೆ, ಎತ್ತಿದ ಕೈ ಕೆಳಗೆ ಬಿದ್ದರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತಾ ಕೂರಬೇಡಿ. ರಕ್ತನಾಳ ಕಟ್ಟಿಕೊಂಡ ಲಕ್ವದಲ್ಲಿ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಗಂಟೆಗಳನ್ನು ನಾವು ನಾಟಿ ಔಷಧಿಯವರ ಮನೆ ಹುಡುಕುವುದರಲ್ಲಿ ಕಳೆಯುತ್ತೇವೆ. ನಡೆದಾಡುತ್ತಿದ್ದ ಮನುಷ್ಯ ಮತ್ತೆ ಹತ್ತು ವರ್ಷ ಮಂಚದ ಮೇಲಿರುತ್ತಾನೆ, ಜೊತೆಗೆ ಮನೆಯ ಹೆಂಗಸೊಬ್ಬಳ ಬದುಕೂ ಆ ಮಂಚದ ಕಾಲಿಗೆ ಕಟ್ಟಿಬೀಳುತ್ತದೆ.

ಕಣ್ಣಿನ ವಿಚಾರ ಬೇಸರವನ್ನೂ ಭರವಸೆಯನ್ನೂ ಒಟ್ಟಿಗೆ ಹುಟ್ಟಿಸುವಂಥದು. 2015 ರಿಂದ 2019 ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 50 ದಾಟಿದವರ ಕುರುಡುತನದಲ್ಲಿ ಮೂರರಲ್ಲಿ ಎರಡು ಪಾಲು ಪೊರೆಯಿಂದ ಬಂದದ್ದೆಂದು ಕಂಡುಬಂತು. ಪೊರೆ ತೆಗೆಯುವುದು ಸ್ವಲ್ಪ ಹೊತ್ತಿನ ಶಸ್ತ್ರಚಿಕಿತ್ಸೆ. ಹೀಗಿದ್ದೂ ಕತ್ತಲಲ್ಲಿ ಕುಳಿತವರು ಇದ್ದಾರೆಂದರೆ ಅದನ್ನು ವಿಧಿಯೆನ್ನಲು ನನಗೆ ಮನಸ್ಸು ಬಾರದು.

ದುಡಿಮೆಯೂ ಊನ ತರುತ್ತದೆ. ಮೈಸೂರಿನ ಅಗರಬತ್ತಿಯ ಪರಿಮಳ ದೇಶದೇಶಕ್ಕೆ ಹೋಗುತ್ತದೆ. ಮನೆಯಲ್ಲಿ ಕುಳಿತು ದಿನವಿಡೀ ಬತ್ತಿ ಹೊಸೆಯುವ, ಬೀಡಿ ಕಟ್ಟುವ ಹೆಂಗಸರ ಸೊಂಟ, ಕತ್ತು, ಬೆರಳುಗಳ ನೋವು ಯಾವ ಪುಸ್ತಕಕ್ಕೂ ಏರುವುದಿಲ್ಲ. ಬನ್ನಿಮಂಟಪದಲ್ಲಿ ಬಸ್ಸಿನ ಡಿಪೋ ಉಂಟು, ಕೈಗಾರಿಕಾ ಬಡಾವಣೆ ಉಂಟು. ಯಂತ್ರದ ಸದ್ದು 85 ಡೆಸಿಬಲ್ ದಾಟಿದಲ್ಲಿ ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ದುಡಿದರೆ ಎಲ್ಲಿಯ ಕಿವಿಯಾದರೂ ಮಂದವಾಗುತ್ತದೆ. ಹೀಗೆ ಹೋದ ಶ್ರವಣ ಹಿಂತಿರುಗದು. ಕಿವಿ ಕೇಳದೆಂದು ಒಪ್ಪಿಕೊಳ್ಳಲು ಗಂಡಸರಿಗಂತೂ ಬಲು ಸಂಕೋಚ. ಪಾಂಡವರು ಬನ್ನಿಯ ಮರದಲ್ಲಿ ಆಯುಧಗಳನ್ನು ಅಡಗಿಸಿಟ್ಟಂತೆ ಅವರು ಕಿವುಡನ್ನು ಅಡಗಿಸಿಡುತ್ತಾರೆ, ಆದರೆ ಪಾಂಡವರಿಗೆ ಒಂದು ವರ್ಷದ ಗಡುವಾದರೂ ಇತ್ತು! ಇದೇ ಊರಿನ ಮಾನಸಗಂಗೋತ್ರಿಯಲ್ಲಿ 1960 ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ತೋರಿಸಲು ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಜನ ಬರುತ್ತಾರೆ. ನಾವು ಹೋಗದಿರಲು ಏನು ಕಾರಣ?

ರಸ್ತೆಯ ಮಾತು ಹೆಚ್ಚು ಬೇಡ. 2022 ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491, ಗಾಯಗೊಂಡವರು 4,43,366. ಪತ್ರಿಕೆಗಳು ಮೊದಲನೆಯ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕುತ್ತವೆ. ತಲೆಗೆ, ಬೆನ್ನುಹುರಿಗೆ ಪೆಟ್ಟುಬಿದ್ದು ಉಳಿದವರು ಎರಡನೆಯ ಅಂಕಿಯಲ್ಲಿದ್ದಾರೆ, ಅವರಲ್ಲಿ ದುಡಿಯುವ ವಯಸ್ಸಿನವರೇ ಹೆಚ್ಚು.

ಮನಸ್ಸಿಗೂ ಊನವುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16 ರಲ್ಲಿ ನಡೆಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ 10 ಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದರು. ಅವರಲ್ಲಿ ಬಹುಪಾಲಿಗೆ ಚಿಕಿತ್ಸೆ ಇರಲಿಲ್ಲ. ಹೊರಗಿನವರಿಗೆ ಇವರು ಸೋಮಾರಿಗಳಂತೆ ತೋರುತ್ತಾರೆ.

ಇಷ್ಟಾದರೂ ಅರ್ಧ ಕಾರಣ ಮಾತ್ರ ಹೇಳಿದಂತಾಯಿತು. ಮಂಡಿ ಸೋತ ಹೆಂಗಸಿಗೆ ನೆಲಮಟ್ಟದ ಬಸ್ಸು ಸಿಕ್ಕರೆ ಆಕೆ ಮಾರುಕಟ್ಟೆಗೆ ಹೋಗಿಬರುತ್ತಾಳೆ. ಎತ್ತರದ ಮೆಟ್ಟಿಲಿನ ಬಸ್ಸಾದರೆ ಮನೆಯಲ್ಲೇ ಉಳಿಯುತ್ತಾಳೆ. ಮಂಡಿ ಅದೇ, ಊನದ ಪ್ರಮಾಣ ಬೇರೆ. ಕಚೇರಿಯ ಮುಂದೆ ಇಳಿಜಾರು, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು, ಮನೆಯ ಬಚ್ಚಲಿನಲ್ಲಿ ಜಾರದ ಕಲ್ಲು, ಇವೂ ಔಷಧಿಗಳೇ. ಕಟ್ಟಡ, ವಾಹನಗಳು ಎಲ್ಲರಿಗೂ ಬಳಸುವಂತಿರಬೇಕೆಂದು 2016 ರ ಕಾಯಿದೆ ಹೇಳುತ್ತದೆ. ಅದೇ ಕಾಯಿದೆ, ಮೊದಲು 7 ಇದ್ದ ಊನದ ಬಗೆಗಳನ್ನು 21 ಕ್ಕೆ ಏರಿಸಿ, ಕಂಪವಾತ, ಆಸಿಡ್ ದಾಳಿಯಿಂದಾದ ವಿಕಾರ ಮುಂತಾದುವನ್ನೂ ಸೇರಿಸಿಕೊಂಡಿತು.

ಆ ಕಾಯಿದೆಯ ಮುಖ್ಯ ಸವಲತ್ತುಗಳಿಗೆ ಊನ ಶೇಕಡ 40 ಕ್ಕೆ ಕಡಮೆಯಿಲ್ಲವೆಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಹುಟ್ಟಿನಿಂದ ಬಂದ ಊನಕ್ಕೆ ಮಾತ್ರ ಅದು ಸಿಗುವುದೆಂದು ಎಷ್ಟೋ ಮಂದಿ ತಿಳಿದಿದ್ದಾರೆ. ಹಾಗೇನೂ ಇಲ್ಲ, ಐವತ್ತರಲ್ಲಿ ಲಕ್ವ ಹೊಡೆದವರೂ, ಅಪಘಾತದಲ್ಲಿ ಕಾಲು ಕಳೆದುಕೊಂಡವರೂ ಕೇಳಬಹುದು. ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅದು ಕೈಲಾಗದಿದ್ದರೆ ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಪಟ್ಟಣದವರು ನಗರದ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ವೈದ್ಯರ ತಪಾಸಣೆಗೆ ಕರೆ ಬಂದಾಗ ಆಧಾರ್ ಚೀಟಿ, ಭಾವಚಿತ್ರ, ಹಳೆಯ ಚಿಕಿತ್ಸೆಯ ಕಾಗದಗಳನ್ನೆಲ್ಲ ಒಯ್ಯಿರಿ. ಕಿವಿ ಮಂದವಾದವರ ಜೊತೆಗೆ ಮನೆಯವರೊಬ್ಬರು ಹೋದರೆ ಒಳ್ಳೆಯದು, ಹೆಸರು ಕೂಗಿದ್ದು ಕೇಳಿಸದೆ ಸರದಿ ತಪ್ಪಿಹೋಗಬಾರದಲ್ಲ.